ಕತ್ತಲಲ್ಲಿ ಕಸುಬು ಕಲಿಸಿದವರು: ಸರ್ ಆರ್ಥರ್ ಪಿಯರ್ಸನ್

ಈ ಪುಟವನ್ನು ಓದುತ್ತಿರುವ ನಿಮ್ಮ ಕಣ್ಣುಗಳು ನಾಳೆ ಬೆಳಿಗ್ಗೆ ಕೆಲಸ ಮಾಡುವುದನ್ನು ನಿಲ್ಲಿಸಿದರೆ ಏನಾಗಬಹುದು ಎಂದು ಒಮ್ಮೆ ಯೋಚಿಸಿ. ಮೊದಲ ಕೆಲವು ದಿನಗಳು ಆಸ್ಪತ್ರೆ, ಔಷಧಿ, ಪ್ರಾರ್ಥನೆಗಳಲ್ಲಿ ಕಳೆದುಹೋಗುತ್ತವೆ. ನೆಂಟರಿಷ್ಟರು ಬಂದು ಕಣ್ಣೀರು ಹಾಕಿ ಹೋಗುತ್ತಾರೆ. ಆಮೇಲೆ ಒಂದು ದಿನ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಎದುರಾಗುತ್ತದೆ. ಇನ್ನು ಮುಂದೆ ರೋಜಿ-ರೋಟಿಗೆ ಏನು ಗತಿ? ಮಕ್ಕಳ ಶಾಲಾ ಶುಲ್ಕ ಯಾರು ಕಟ್ಟಬೇಕು? ಮನೆಯ ಯಜಮಾನನಾಗಿದ್ದವನು ಇನ್ನು ಮೂಲೆಯ ಕುರ್ಚಿಯಲ್ಲಿ ಕುಳಿತು ಇತರರ ಕೈ ನೋಡುತ್ತಾ ಬದುಕಬೇಕೇ?

ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಒಬ್ಬ ಶ್ರೀಮಂತ ಪತ್ರಿಕೋದ್ಯಮಿ ಎದುರಿಸಿದರು. ಅವರಿಗೆ ಹಣದ ಕೊರತೆ ಇರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರೂ ಅವರ ಮನೆ ನಡೆಯುತ್ತಿತ್ತು. ಆದರೆ ಅವರು ಕೂರಲಿಲ್ಲ. ತಮ್ಮ ಕತ್ತಲೆಯನ್ನೇ ಪಾಠಶಾಲೆಯಾಗಿ ಮಾಡಿಕೊಂಡು, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಾವಿರಾರು ಯುವಕರಿಗೆ ಕಸುಬು ಕಲಿಸಿ ಮತ್ತೆ ದುಡಿಯುವಂತೆ ಮಾಡಿದರು. ಅವರೇ ಸರ್ ಆರ್ಥರ್ ಪಿಯರ್ಸನ್. ಅವರು ಹಚ್ಚಿದ ದೀಪದ ಬೆಳಕು ನಮ್ಮ ದೇಶದ ಡೆಹ್ರಾಡೂನ್‌ವರೆಗೂ ತಲುಪಿದೆ. ಆದುದರಿಂದ ಅವರ ಜೀವನವನ್ನು ನಾವು, ವಿಶೇಷವಾಗಿ ನಮ್ಮ ವಿದ್ಯಾರ್ಥಿಗಳು, ತಿಳಿದುಕೊಳ್ಳುವುದು ಒಳ್ಳೆಯದು.

ಸೈಕಲ್ ತುಳಿದು ಉದ್ಯೋಗ ಗೆದ್ದ ಹುಡುಗ

ಸಿರಿಲ್ ಆರ್ಥರ್ ಪಿಯರ್ಸನ್ ಹುಟ್ಟಿದ್ದು 1866ರ ಫೆಬ್ರವರಿ 24ರಂದು, ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ವೂಕಿ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹುಡುಗ ವಿಂಚೆಸ್ಟರ್ ಎಂಬ ಹೆಸರಾಂತ ಶಾಲೆಯಲ್ಲಿ ಓದಿದ. ಆದರೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಬದುಕಿನ ದಾರಿಯನ್ನು ತಾನೇ ಹುಡುಕಿಕೊಳ್ಳಬೇಕಾಯಿತು.

ಆ ಕಾಲದಲ್ಲಿ ಜಾರ್ಜ್ ನ್ಯೂನ್ಸ್ ಎಂಬವರು ನಡೆಸುತ್ತಿದ್ದ ಟಿಟ್-ಬಿಟ್ಸ್ ಎಂಬ ವಾರಪತ್ರಿಕೆ ಬಹಳ ಜನಪ್ರಿಯವಾಗಿತ್ತು. 1884ರಲ್ಲಿ ಅದು ಒಂದು ಸಾಮಾನ್ಯ ಜ್ಞಾನ ಸ್ಪರ್ಧೆಯನ್ನು ಏರ್ಪಡಿಸಿತು. ಬಹುಮಾನವಾಗಿ ಇಟ್ಟಿದ್ದು ಹಣವಲ್ಲ, ಉದ್ಯೋಗ. ಗೆದ್ದವನಿಗೆ ಪತ್ರಿಕೆಯ ಕಚೇರಿಯಲ್ಲಿ ವರ್ಷಕ್ಕೆ 100 ಪೌಂಡ್ ಸಂಬಳದ ಗುಮಾಸ್ತನ ಕೆಲಸ. ಪ್ರತಿವಾರ ಬರುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹದಿನೆಂಟರ ಈ ಹುಡುಗ ತನ್ನ ಹಳ್ಳಿಯಿಂದ ಬೆಡ್‌ಫರ್ಡ್ ಪಟ್ಟಣದ ಗ್ರಂಥಾಲಯಕ್ಕೆ ಸುಮಾರು 30 ಮೈಲಿ ಸೈಕಲ್ ತುಳಿದು ಹೋಗುತ್ತಿದ್ದ. ಬರುವಾಗ ಮತ್ತೆ ಅಷ್ಟೇ ದೂರ. ವಾರಕ್ಕೆ ಮೂರು ಸಲ ಹೀಗೆ ಓಡಾಡಿದನೆಂದು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಸ್ಪರ್ಧೆಯನ್ನು ಗೆದ್ದ. ಕೆಲಸಕ್ಕೆ ಸೇರಿದ ಒಂದೇ ವರ್ಷದಲ್ಲಿ ಅದೇ ಕಚೇರಿಯ ವ್ಯವಸ್ಥಾಪಕನಾದ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಅಂದು ಅವರ ಕೈಯಲ್ಲಿ ಪದವಿಯೂ ಇರಲಿಲ್ಲ, ಶಿಫಾರಸು ಪತ್ರವೂ ಇರಲಿಲ್ಲ. ಉದ್ಯೋಗ ಎಂಬುದು ಮನುಷ್ಯನಿಗೆ ಎಷ್ಟು ಬೆಲೆಬಾಳುವ ಬಹುಮಾನ ಎಂಬುದನ್ನು ಅವರು ಹದಿನೆಂಟನೆಯ ವಯಸ್ಸಿನಲ್ಲೇ ಅನುಭವದಿಂದ ತಿಳಿದಿದ್ದರು. ಮುಂದೆ ಅವರು ಮಾಡಿದ ಕೆಲಸಕ್ಕೆ ಈ ಅನುಭವವೇ ಬೀಜವಾಗಿರಬೇಕು.

ಪತ್ರಿಕೆಗಳ ಒಡೆಯ

1890ರಲ್ಲಿ ಪಿಯರ್ಸನ್ ಸ್ವಂತವಾಗಿ ಪಿಯರ್ಸನ್ಸ್ ವೀಕ್ಲಿ ಎಂಬ ವಾರಪತ್ರಿಕೆ ಆರಂಭಿಸಿದರು. ಮೊದಲ ಸಂಚಿಕೆಯೇ ಎರಡೂವರೆ ಲಕ್ಷ ಪ್ರತಿಗಳು ಮಾರಾಟವಾದವು. ಜನರ ಗಮನ ಸೆಳೆಯುವ ಕಲೆ ಅವರಿಗೆ ಚೆನ್ನಾಗಿ ಸಿದ್ಧಿಸಿತ್ತು. ಶೀತಜ್ವರ ಹರಡಿದ್ದ ದಿನಗಳಲ್ಲಿ ಒಮ್ಮೆ ಪತ್ರಿಕೆಯ ಕಾಗದಕ್ಕೆ ನೀಲಗಿರಿ ತೈಲದ ವಾಸನೆ ಹಿಡಿಸಿ ಮಾರಿದರಂತೆ! 1900ರಲ್ಲಿ ಡೈಲಿ ಎಕ್ಸ್‌ಪ್ರೆಸ್ ಎಂಬ ದಿನಪತ್ರಿಕೆ ಹೊರತಂದರು. ಆಗ ಅಲ್ಲಿನ ಪತ್ರಿಕೆಗಳ ಮುಖಪುಟದಲ್ಲಿ ಜಾಹೀರಾತುಗಳೇ ತುಂಬಿರುತ್ತಿದ್ದವು. ಎಕ್ಸ್‌ಪ್ರೆಸ್ ಮೊದಲ ಪುಟದಲ್ಲಿಯೇ ಸುದ್ದಿ ಅಚ್ಚು ಮಾಡಿತು. 1904ರಲ್ಲಿ ಸ್ಟ್ಯಾಂಡರ್ಡ್ ಎಂಬ ಹಳೆಯ ಪತ್ರಿಕೆಯನ್ನೂ ಖರೀದಿಸಿದರು. ಶಾಲೆಗಳಲ್ಲಿ ನೀವು ಕಾಣುವ ಸ್ಕೌಟ್ ಚಳವಳಿಯ ಆರಂಭಕ್ಕೂ ಅವರ ಕೈಜೋಡಣೆ ಇತ್ತು. ಬೇಡನ್ ಪೊವೆಲ್ ಅವರು 1908ರಲ್ಲಿ ಬರೆದ ಸ್ಕೌಟ್ ಕೈಪಿಡಿಯನ್ನು ಪ್ರಕಟಿಸಿದವರು ಇದೇ ಪಿಯರ್ಸನ್.

ಸೇವಾ ಕಾರ್ಯದಲ್ಲೂ ಅವರು ಹಿಂದೆ ಬಿದ್ದಿರಲಿಲ್ಲ. 1892ರಲ್ಲಿ ಲಂಡನ್ನಿನ ಕೊಳೆಗೇರಿಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಹಳ್ಳಿಯ ಬಯಲಿಗೆ ಕರೆದೊಯ್ಯುವ ನಿಧಿಯೊಂದನ್ನು ಸ್ಥಾಪಿಸಿದರು. ಒಂದು ಮಗುವಿಗೆ ತಗಲುವ ಖರ್ಚು ಒಂಬತ್ತು ಪೆನ್ನಿ ಎಂದು ಓದುಗರಿಗೆ ಲೆಕ್ಕ ಕೊಟ್ಟು ದೇಣಿಗೆ ಸಂಗ್ರಹಿಸಿದರು. ಕೊಟ್ಟ ಹಣದಿಂದ ಏನು ನಡೆಯುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಿದರೆ ಜನ ಕೊಡುತ್ತಾರೆ ಎಂಬ ಈ ಪಾಠ ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಬೆಳಕು ಆರಿದಾಗ

ಏಳಿಗೆಯ ತುದಿಯಲ್ಲಿದ್ದಾಗಲೇ ಪಿಯರ್ಸನ್ ಅವರ ಕಣ್ಣು ಕೈಕೊಡತೊಡಗಿತು. ಕಾಯಿಲೆಯ ಹೆಸರು ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವನ್ನು ಮೆಲ್ಲಮೆಲ್ಲನೆ ಸಾಯಿಸುವ ಈ ರೋಗ ಇಂದಿಗೂ ನಮ್ಮ ನಡುವೆ ಅನೇಕರನ್ನು ಕಾಡುತ್ತಿದೆ. ಸತ್ತ ನರಕ್ಕೆ ಮತ್ತೆ ಜೀವ ಬರುವುದಿಲ್ಲ. 1908ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪ್ರಯೋಜನವಾಗಲಿಲ್ಲ. ಓದು ಬರಹವೇ ಜೀವಾಳವಾದ ಉದ್ಯಮದಲ್ಲಿ ಓದಲಾಗದವನಾಗಿ ಉಳಿಯುವುದು ಹೇಗೆ? ಮುಂದಿನ ಕೆಲವೇ ವರ್ಷಗಳಲ್ಲಿ ಪತ್ರಿಕೆಗಳು ಅವರ ಕೈಬಿಟ್ಟು ಹೋದವು. ಐವತ್ತು ತುಂಬುವ ಮೊದಲೇ ಅವರು ಸಂಪೂರ್ಣ ಕುರುಡರಾದರು.

ಆಗಿನ ಇಂಗ್ಲೆಂಡಿನಲ್ಲಿ ಕುರುಡರ ಸ್ಥಿತಿ ಹೇಗಿತ್ತು ಗೊತ್ತೇ? ಶ್ರೀಮಂತರ ಮನೆಯಲ್ಲಿ ಹುಟ್ಟಿದವರು ಮನೆಯೊಳಗೆ ಉಳಿಯುತ್ತಿದ್ದರು. ಬಡವರಲ್ಲಿ ಅನೇಕರು ರಸ್ತೆಯ ಬದಿಯಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಇನ್ನು ಕೆಲವರು ದಾನದಿಂದ ನಡೆಯುವ ಕಾರ್ಯಾಗಾರಗಳಲ್ಲಿ ಬುಟ್ಟಿ, ಬ್ರಷ್ಷು, ಕಾಲೊರಸುಗಳನ್ನು ತಯಾರಿಸಿ ಹೊಟ್ಟೆಗೆ ಸಾಲದ ಕೂಲಿ ಪಡೆಯುತ್ತಿದ್ದರು. ಬ್ರೈಲ್ ಲಿಪಿ ಬಂದು ಎಷ್ಟೋ ದಶಕಗಳಾಗಿದ್ದವು. ದೃಷ್ಟಿಯಿಲ್ಲದ ಹೆನ್ರಿ ಫಾಸೆಟ್ 1880ರಲ್ಲಿಯೇ ಅಲ್ಲಿನ ಸರಕಾರದಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥರಾಗಿದ್ದರು. ಆದರೂ ಅಂಥವರು ಅಪವಾದವೆಂದೇ ಜನ ತಿಳಿದಿದ್ದರು. ಕುರುಡ ಎಂದರೆ ಪಾಪದವ ಎಂಬ ಭಾವನೆ ಬದಲಾಗಿರಲಿಲ್ಲ.

ಪಿಯರ್ಸನ್ ಅವರಿಗೂ ಆ ಅನುಕಂಪದ ರುಚಿ ಸಿಕ್ಕಿತು. ನಿನ್ನೆಯವರೆಗೆ ನೂರಾರು ಜನರಿಗೆ ಆಜ್ಞೆ ಕೊಡುತ್ತಿದ್ದವರ ಮುಂದೆ ಇಂದು ಜನ ಸ್ವರ ತಗ್ಗಿಸಿ ಮಾತಾಡತೊಡಗಿದರು. ಕಣ್ಣು ಹೋದದ್ದಕ್ಕಿಂತ ಈ ಮರುಕವೇ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ ಎಂದು ಅವರು ಕಂಡುಕೊಂಡರು. ಕುರುಡನಾಗಿ ಬದುಕುವುದೂ ಒಂದು ವಿದ್ಯೆ, ಅದನ್ನು ಕಲಿಯಬೇಕು, ಕಲಿತರೆ ಬರುತ್ತದೆ ಎಂದು ನಿರ್ಧರಿಸಿದರು. ಬ್ರೈಲ್ ಕಲಿತರು. ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡುವುದನ್ನು ಕಲಿತರು.

1913ರಲ್ಲಿ ಅವರು ಅಂಧರಿಗಾಗಿ ಪುಸ್ತಕ ಮುದ್ರಿಸುತ್ತಿದ್ದ ಹಳೆಯ ಸಂಸ್ಥೆಯೊಂದನ್ನು ಸೇರಿದರು. ಮರುವರ್ಷ ಅದು ರಾಷ್ಟ್ರೀಯ ಅಂಧರ ಸಂಸ್ಥೆ ಎಂಬ ಹೆಸರು ಪಡೆಯಿತು. 1914ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಅದರ ಹೊಸ ಕಟ್ಟಡವನ್ನು ದೊರೆ ಐದನೆಯ ಜಾರ್ಜ್ ಉದ್ಘಾಟಿಸಿದರು. ಪಿಯರ್ಸನ್ ಅದರ ಅಧ್ಯಕ್ಷರಾದರು. ಅವರು ಸೇರುವಾಗ ಆ ಸಂಸ್ಥೆಯ ವಾರ್ಷಿಕ ಆದಾಯ ಸುಮಾರು 5 ಸಾವಿರ ಪೌಂಡ್. ಎಂಟು ವರ್ಷಗಳೊಳಗೆ ಅದು ಮೂರೂವರೆ ಲಕ್ಷ ಪೌಂಡ್ ದಾಟಿತು.

ಯುದ್ಧ ತಂದ ಕತ್ತಲೆ

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕಂದಕಗಳಲ್ಲಿ ಅಡಗಿ ಕುಳಿತು ಕಾದಾಡುವ ಯುದ್ಧವದು. ತಲೆ ಎತ್ತಿದರೆ ಗುಂಡು, ಸಿಡಿಯುವ ಶೆಲ್ಲಿನ ಚೂರುಗಳು, ಆಮೇಲೆ ವಿಷಾನಿಲ. ಕಣ್ಣು ಕಳೆದುಕೊಂಡ ಯುವಕರು ಹಡಗುಗಳಲ್ಲಿ ಹಿಂದಿರುಗತೊಡಗಿದರು. ಇಪ್ಪತ್ತು, ಇಪ್ಪತ್ತೈದರ ವಯಸ್ಸು. ಗಣಿ ಕಾರ್ಮಿಕರು, ರೈತಾಪಿ ಮಕ್ಕಳು, ಅಂಗಡಿ ಗುಮಾಸ್ತರು, ಬಡಗಿಗಳು. ಸರಕಾರ ಪಿಂಚಣಿ ಕೊಡುತ್ತಿತ್ತು. ಆದರೆ ಮುಂದಿನ ನಲವತ್ತು ಐವತ್ತು ವರ್ಷ ಇವರು ಮಾಡುವುದೇನು? ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರ ಕೊಡಲು ಮುಂದೆ ಬಂದವರು ಪಿಯರ್ಸನ್. 1915ರ ಆರಂಭದಲ್ಲಿ ಲಂಡನ್ನಿನ ಬೇಸ್‌ವಾಟರ್ ಎಂಬಲ್ಲಿ ಒಂದು ಮನೆ ಹಿಡಿದು, ಬೆರಳೆಣಿಕೆಯ ಕುರುಡ ಸೈನಿಕರೊಂದಿಗೆ ಒಂದು ವಸತಿ ತರಬೇತಿ ಕೇಂದ್ರ ತೆರೆದರು. ಜಾಗ ಸಾಲದೆ ಹೋಯಿತು. ಆಗ ಆಟೋ ಕಾನ್ ಎಂಬ ಅಮೆರಿಕದ ಬ್ಯಾಂಕ್ ಮಾಲೀಕರು ರೀಜೆಂಟ್ಸ್ ಪಾರ್ಕಿನಲ್ಲಿದ್ದ ತಮ್ಮ ದೊಡ್ಡ ಬಂಗಲೆಯನ್ನೂ ತೋಟವನ್ನೂ ಬಿಟ್ಟುಕೊಟ್ಟರು. ಲಂಡನ್ನಿನ ಸೇಂಟ್ ಡನ್‌ಸ್ಟನ್ ಚರ್ಚಿನ ಹಳೆಯ ಗಡಿಯಾರವೊಂದನ್ನು 1830ರಲ್ಲಿ ತಂದು ಅಲ್ಲಿ ನಿಲ್ಲಿಸಿದ್ದರಿಂದ ಆ ಬಂಗಲೆಗೆ ಸೇಂಟ್ ಡನ್‌ಸ್ಟನ್ಸ್ ಎಂಬ ಹೆಸರಿತ್ತು. ಅದೇ ಹೆಸರು ಸಂಸ್ಥೆಗೂ ಅಂಟಿಕೊಂಡಿತು.

ಗಡಿಯಾರದಿಂದ ಆರಂಭ

ಪಿಯರ್ಸನ್ ತರಬೇತಿಯನ್ನು ಬಂಗಲೆಯಲ್ಲಿ ಅಲ್ಲ, ಆಸ್ಪತ್ರೆಯ ಹಾಸಿಗೆಯ ಬಳಿಯೇ ಆರಂಭಿಸುತ್ತಿದ್ದರು. ಕುರುಡನಾದೆ ಎಂದು ಗೊತ್ತಾಗಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ ಸೈನಿಕನ ಹತ್ತಿರ ಹೋಗಿ ಕೂರುತ್ತಿದ್ದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ, ತನ್ನೊಡನೆ ಮಾತಾಡುತ್ತಿರುವ ಈ ದೊಡ್ಡ ಮನುಷ್ಯನೂ ತನ್ನಂತೆಯೇ ಕುರುಡ ಎಂದು ಆ ಸೈನಿಕನಿಗೆ ತಿಳಿಯುತ್ತಿತ್ತು. ಯಾವ ವೈದ್ಯನೂ ಕೊಡಲಾಗದ ಔಷಧಿ ಅದು.

ಪ್ರತಿಯೊಬ್ಬನಿಗೂ ಅವರು ಮೊದಲು ಕೊಡುತ್ತಿದ್ದ ಉಡುಗೊರೆ ಒಂದು ಕೈಗಡಿಯಾರ. ಗಾಜಿಲ್ಲದ, ಉಬ್ಬು ಚುಕ್ಕೆಗಳಿರುವ, ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಸಮಯ ತಿಳಿಯಬಹುದಾದ ಗಡಿಯಾರ. ಇದೇನು ಮಹಾ ಎಂದು ನಿಮಗೆ ಅನಿಸಬಹುದು. ಆದರೆ ಹಗಲೋ ರಾತ್ರಿಯೋ ಗೊತ್ತಾಗದೆ, ಗಂಟೆ ಎಷ್ಟು ಎಂದು ಪ್ರತಿ ಸಲವೂ ನರ್ಸಮ್ಮನನ್ನು ಕೇಳಬೇಕಾಗಿದ್ದ ಯುವಕನ ಪಾಲಿಗೆ, ಯಾರನ್ನೂ ಕೇಳದೆ ತಾನೇ ತಿಳಿದುಕೊಂಡ ಮೊದಲ ಸಂಗತಿ ಅದಾಗಿರುತ್ತಿತ್ತು. ಸ್ವಾವಲಂಬನೆಯ ಮೊದಲ ಪಾಠ ಅಷ್ಟು ಚಿಕ್ಕದರಿಂದ ಶುರುವಾಗುತ್ತಿತ್ತು. ಹಾಸಿಗೆಯಲ್ಲಿಯೇ ದಾರದಿಂದ ಬಲೆ ಹೆಣೆಯುವುದನ್ನೂ ಹೇಳಿಕೊಡುತ್ತಿದ್ದರು. ಬೆರಳುಗಳು ಕಣ್ಣಿನ ಕೆಲಸವನ್ನು ಕಲಿಯತೊಡಗುತ್ತಿದ್ದವು.

ಬಂಗಲೆಗೆ ಬಂದ ಮೇಲೆ ನಿಯಮ ಬೇರೆ. ಕೋಣೆಗಳಲ್ಲಿ ನಡೆಯುವ ದಾರಿಯುದ್ದಕ್ಕೂ ಕಾಲಿಗೆ ತಿಳಿಯುವಂತೆ ಪಟ್ಟಿ ಹಾಸಿರುತ್ತಿತ್ತು. ತೋಟದ ಹಾದಿಗಳಲ್ಲಿ ಕೈಕಂಬಿ ಇರುತ್ತಿತ್ತು. ಅದರ ಆಧಾರದಿಂದ ಪ್ರತಿಯೊಬ್ಬನೂ ತಾನೇ ನಡೆಯಬೇಕು. ಎಡವಿದರೆ ಎದ್ದು ನಡೆಯಬೇಕು. ಭೇಟಿಗೆ ಬರುವವರು ಅಯ್ಯೋ ಪಾಪ ಎನ್ನುವುದು ಪಿಯರ್ಸನ್ ಅವರಿಗೆ ಸರಿಬರುತ್ತಿರಲಿಲ್ಲ. ಪಾಠದ ಅವಧಿ ದಿನಕ್ಕೆ ಕೆಲವೇ ಗಂಟೆ, ಏಕೆಂದರೆ ಕತ್ತಲಲ್ಲಿ ಕಲಿಯುವುದು ಮನಸ್ಸನ್ನು ಬೇಗ ದಣಿಸುತ್ತದೆ ಎಂಬುದು ಅವರ ಸ್ವಂತ ಅನುಭವ. ಉಳಿದ ಹೊತ್ತಿನಲ್ಲಿ ಈಜು, ಕೆರೆಯಲ್ಲಿ ದೋಣಿ ಹುಟ್ಟು ಹಾಕುವುದು, ಸಂಗೀತ.

ಇನ್ನೊಂದು ಮಾತನ್ನು ಗಮನಿಸಿ. ಅಲ್ಲಿನ ಶಿಕ್ಷಕರಲ್ಲಿ ಹಲವರು ತಾವೇ ಕುರುಡರು. ಬೇಗ ಕಲಿತ ಸೈನಿಕರನ್ನೇ ಹೊಸಬರಿಗೆ ಕಲಿಸಲು ನೇಮಿಸುತ್ತಿದ್ದರು. ಕಣ್ಣಿದ್ದವನು ಇದು ಸುಲಭ ಎಂದರೆ ಕುರುಡನಿಗೆ ನಂಬಿಕೆ ಬರುವುದಿಲ್ಲ. ಕಣ್ಣಿಲ್ಲದವನು ಮಾಡಿ ತೋರಿಸಿದರೆ ನೆಪ ಹೇಳಲು ಜಾಗವೇ ಉಳಿಯುವುದಿಲ್ಲ.

ಯಾವ ಯಾವ ಕಸುಬುಗಳು?

ಬ್ರೈಲ್ ಮತ್ತು ಟೈಪಿಂಗ್ ಎಲ್ಲರೂ ಕಲಿಯುವ ಪಾಠಗಳು. ದುಡಿದು ಒರಟಾದ ಬೆರಳುಗಳಿಗೆ ಬ್ರೈಲ್ ಚುಕ್ಕೆಗಳು ಬೇಗ ಒಲಿಯುತ್ತಿರಲಿಲ್ಲ. ಆದರೆ ಟೈಪ್ ಮಾಡುವುದು ಹಲವರಿಗೆ ಬೇಗ ಬಂತು. ಅದರ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಒಂದು ಟೈಪ್‌ರೈಟರನ್ನೇ ಬಹುಮಾನವಾಗಿ ಕೊಡುತ್ತಿದ್ದರು. ತಾಯಿಗೋ ಹೆಂಡತಿಗೋ ಬೇರೆಯವರ ಕೈಯಿಂದ ಬರೆಸದೆ ಸ್ವತಃ ಪತ್ರ ಬರೆಯುವಂತಾದುದು ಅವರಿಗೆ ಎಷ್ಟು ದೊಡ್ಡ ಸಂತೋಷವಾಗಿರಬೇಕು!

ನಂತರ ಕಸುಬಿನ ಆಯ್ಕೆ. ಬುಟ್ಟಿ ಹೆಣೆಯುವುದು, ಚಾಪೆ ಮತ್ತು ಕಾಲೊರಸು ಮಾಡುವುದು, ಬೂಟು ರಿಪೇರಿ, ಬಡಗಿ ಕೆಲಸ, ಕೋಳಿ ಸಾಕಣೆ, ಟೆಲಿಫೋನ್ ಆಪರೇಟರ್ ಕೆಲಸ, ಶೀಘ್ರಲಿಪಿ, ಮಸಾಜ್ ಚಿಕಿತ್ಸೆ. ಇವುಗಳಲ್ಲಿ ಬುಟ್ಟಿ, ಚಾಪೆಗಳು ಕುರುಡರ ಹಳೆಯ ಕಸುಬುಗಳೇ. ಆದರೆ ಬೂಟು ರಿಪೇರಿ, ಕೋಳಿ ಸಾಕಣೆ, ಟೆಲಿಫೋನ್ ವಿಭಾಗಗಳನ್ನು ನೋಡಿ ಜನ ಮೂಗಿನ ಮೇಲೆ ಬೆರಳಿಟ್ಟರು.

ಬೂಟು ಹೊಲಿಯುವವನಿಗೆ ಜೊತೆಗೆ ಕಾಲೊರಸು ಮಾಡುವುದನ್ನೂ ಕಲಿಸುತ್ತಿದ್ದರು. ಏಕೆ? ಹಳ್ಳಿಯಲ್ಲಿ ಅಂಗಡಿ ಇಟ್ಟವನಿಗೆ ವರ್ಷವಿಡೀ ಒಂದೇ ಸಮನೆ ಬೂಟುಗಳು ರಿಪೇರಿಗೆ ಬರುವುದಿಲ್ಲ. ಕೆಲಸ ಕಡಿಮೆ ಇರುವ ದಿನಗಳಲ್ಲಿ ಕೈ ಖಾಲಿ ಕೂರಬಾರದು. ಕೋಳಿ ಸಾಕುವವರು ಕೋಳಿಯನ್ನು ಕೈಯಲ್ಲಿ ಹಿಡಿದು, ಜುಟ್ಟು, ಗರಿ, ಕಾಲುಗಳನ್ನು ಸವರಿ ಅದು ಯಾವ ತಳಿ ಎಂದು ಹೇಳುವಷ್ಟು ನುರಿತರು. ಅವರ ಹೆಂಡತಿಯೋ ಅಕ್ಕತಂಗಿಯೋ ಬಂದು ಅದೇ ಕೆಲಸ ಕಲಿಯಲು ಕೂಡ ಅವಕಾಶವಿತ್ತು. ಮನೆಯವರೂ ಕಸುಬಿನ ಪಾಲುದಾರರಾದರೆ ಅದು ಉಳಿಯುತ್ತದೆ ಎಂಬ ದೂರದೃಷ್ಟಿ ಅದು. ಟೆಲಿಫೋನ್ ಬೋರ್ಡಿನಲ್ಲಿ ಕರೆ ಬಂದಾಗ ಚಿಕ್ಕ ಮುಚ್ಚಳವೊಂದು ಬೀಳುತ್ತಿತ್ತು. ಬಿದ್ದದ್ದು ಯಾವುದೆಂದು ಬೆರಳಿನಿಂದ ಮುಟ್ಟಿ ತಿಳಿದು ಸಂಪರ್ಕ ಕೊಡುತ್ತಿದ್ದರು. ಮಸಾಜ್ ಕಲಿತವರು ಶರೀರಶಾಸ್ತ್ರ ಓದಿ, ಕಣ್ಣಿದ್ದವರು ಬರೆಯುವ ಅದೇ ಪರೀಕ್ಷೆಯನ್ನು ಎದುರಿಸಿ, ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡುವ ಸಿಬ್ಬಂದಿಯಾದರು. ನಿನ್ನೆ ಆರೈಕೆ ಪಡೆಯುತ್ತಿದ್ದವನು ಇಂದು ಆರೈಕೆ ಮಾಡುವವನಾದ.

ಯಾರಿಗೆ ಯಾವ ಕಸುಬು ಎಂಬುದನ್ನು ನಿರ್ಧರಿಸುವಾಗ ಅವನು ಮೊದಲು ಏನಾಗಿದ್ದ, ಅವನ ಊರು ಪಟ್ಟಣವೋ ಹಳ್ಳಿಯೋ, ಅಲ್ಲಿ ಯಾವ ಸರಕಿಗೆ ಗಿರಾಕಿ ಇದೆ ಎಂಬುದನ್ನೆಲ್ಲ ವಿಚಾರಿಸುತ್ತಿದ್ದರು. ಯುದ್ಧ ಮುಗಿಯುವ ವೇಳೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಈ ಸಂಸ್ಥೆಯ ಆಶ್ರಯಕ್ಕೆ ಬಂದಿದ್ದರು. 1916ರಲ್ಲಿ ಸರಕಾರ ಪಿಯರ್ಸನ್ ಅವರಿಗೆ ಬ್ಯಾರೊನೆಟ್ ಪದವಿ ನೀಡಿ ಗೌರವಿಸಿತು. ಈ ಅನುಭವಗಳನ್ನೆಲ್ಲ ಅವರು 1919ರಲ್ಲಿ ಒಂದು ಪುಸ್ತಕವಾಗಿ ಬರೆದರು.

ಕಲಿಸಿ ಕೈಬಿಡಲಿಲ್ಲ

ಓದುಗರೇ, ನಮ್ಮಲ್ಲಿಯೂ ಹೊಲಿಗೆ ಯಂತ್ರ ವಿತರಣೆ, ತರಬೇತಿ ಶಿಬಿರಗಳು ನಡೆಯುತ್ತವೆ. ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡು, ಕಾರ್ಯಕ್ರಮ ಮುಗಿಯುತ್ತದೆ. ಆರು ತಿಂಗಳಾದ ಮೇಲೆ ಆ ಯಂತ್ರ ಎಲ್ಲಿದೆ ಎಂದು ಹೋಗಿ ನೋಡುವವರು ಎಷ್ಟು ಮಂದಿ? ಪಿಯರ್ಸನ್ ಅವರ ಕೆಲಸದ ನಿಜವಾದ ಹಿರಿಮೆ ಇರುವುದು ಇಲ್ಲಿ.

ತರಬೇತಿ ಮುಗಿಸಿ ಊರಿಗೆ ಹೋದವರಿಗಾಗಿ ಅವರು ಪ್ರತ್ಯೇಕ ವಿಭಾಗವನ್ನೇ ತೆರೆದರು. ಅಂಗಡಿ ಹಿಡಿಯಲು ನೆರವು, ಕಚ್ಚಾವಸ್ತುಗಳನ್ನು ಸಗಟಾಗಿ ಕೊಂಡು ಅಸಲು ಬೆಲೆಗೆ ಪೂರೈಸುವುದು, ಪರಿಣತರನ್ನು ಮನೆಮನೆಗೆ ಕಳುಹಿಸಿ ಕೆಲಸದ ಗುಣಮಟ್ಟ ಕುಸಿಯದಂತೆ ನೋಡಿಕೊಳ್ಳುವುದು, ಸ್ಥಳೀಯವಾಗಿ ಮಾರಾಟವಾಗದ ಸರಕನ್ನು ಕೊಂಡು ಮಾರುವುದು ಇದರ ಹೊಣೆ. ಕುರುಡ ಮಾಡಿದ್ದು ಎಂಬ ಕನಿಕರದಿಂದ ಜನ ಕೊಳ್ಳಬಾರದು, ಸರಕು ಚೆನ್ನಾಗಿದೆ ಎಂದು ಕೊಳ್ಳಬೇಕು ಎಂಬುದು ಅವರ ಹಟ. ಕನಿಕರದ ಗಿರಾಕಿ ಒಮ್ಮೆ ಬರುತ್ತಾನೆ, ಗುಣಮಟ್ಟ ಕಂಡ ಗಿರಾಕಿ ಮತ್ತೆ ಬರುತ್ತಾನೆ.

ಈ ವಿಭಾಗದ ಹೊಣೆ ಹೊತ್ತವರು ಇಯಾನ್ ಫ್ರೇಸರ್. 1916ರಲ್ಲಿ ಸೋಮ್ ಕದನದಲ್ಲಿ ಗುಂಡು ತಗಲಿ ಹದಿನೆಂಟನೆಯ ವಯಸ್ಸಿನಲ್ಲಿ ಎರಡೂ ಕಣ್ಣು ಕಳೆದುಕೊಂಡು ಸೇಂಟ್ ಡನ್‌ಸ್ಟನ್ಸ್‌ಗೆ ಬಂದ ಯುವಕ ಅವರು.

ಉಳಿದವರ ಕೂಗು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸೇಂಟ್ ಡನ್‌ಸ್ಟನ್ಸ್‌ನ ಬಾಗಿಲು ತೆರೆದದ್ದು ಯುದ್ಧದಲ್ಲಿ ಕುರುಡರಾದವರಿಗೆ. ಹುಟ್ಟುಗುರುಡರು, ಕಾಯಿಲೆಯಿಂದ ಕಣ್ಣು ಹೋದವರು, ಕಾರ್ಖಾನೆಯ ಅಪಘಾತದಲ್ಲಿ ಕುರುಡರಾದವರು ಸಂಖ್ಯೆಯಲ್ಲಿ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಸೈನಿಕರಿಗಾಗಿ ದೇಶ ಥೈಲಿ ಬಿಚ್ಚಿತು. ಇವರು ಹಳೆಯ ಕಾರ್ಯಾಗಾರಗಳಲ್ಲಿ ಅದೇ ಚಿಲ್ಲರೆ ಕೂಲಿಗೆ ದುಡಿಯುತ್ತಿದ್ದರು. ಪಿಯರ್ಸನ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ಸಂಸ್ಥೆ ಇವರಿಗಾಗಿ ಪುಸ್ತಕ ಮುದ್ರಣ, ಮಸಾಜ್ ಶಾಲೆ ಮುಂತಾದ ಕೆಲಸ ಮಾಡಿತಾದರೂ ಅಂತರ ಬಹಳವಿತ್ತು.

1920ರ ಏಪ್ರಿಲ್‌ನಲ್ಲಿ ಕುರುಡ ಕಾರ್ಮಿಕರ ಸಂಘದವರು ಮೂರು ಊರುಗಳಿಂದ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸುಮಾರು 250 ಮಂದಿ, ಒಬ್ಬರ ಭುಜ ಒಬ್ಬರು ಹಿಡಿದು, ಮಳೆ ಚಳಿಯಲ್ಲಿ ವಾರಗಟ್ಟಲೆ ನಡೆದರು. ತಮಗೆ ಬೇಕಾದದ್ದು ದಾನವಲ್ಲ, ನ್ಯಾಯ ಎಂಬುದು ಅವರ ಬೇಡಿಕೆ. ಅದೇ ವರ್ಷ ಪಾರ್ಲಿಮೆಂಟು ಅಂಧರ ಕಾಯಿದೆಯನ್ನು ಅಂಗೀಕರಿಸಿತು. ಕುರುಡರಿಗೆ ವೃದ್ಧಾಪ್ಯ ವೇತನ ಸಿಗುವ ವಯಸ್ಸು 70ರಿಂದ 50ಕ್ಕೆ ಇಳಿಯಿತು. ಅವರ ಯೋಗಕ್ಷೇಮದ ಹೊಣೆ ಸ್ಥಳೀಯ ಆಡಳಿತದ ಮೇಲೆ ಬಿತ್ತು. ಒಬ್ಬ ಉದಾರಿಯ ಸೇವೆ ಎಷ್ಟೇ ದೊಡ್ಡದಾದರೂ ಕಾನೂನಿನ ಹಕ್ಕಿಗೆ ಅದು ಬದಲಿಯಲ್ಲ. ಹಾಗೆಯೇ, ಕುರುಡನೂ ದುಡಿಯಬಲ್ಲ ಎಂದು ಕಣ್ಣೆದುರು ಮಾಡಿ ತೋರಿಸದಿದ್ದರೆ ಕಾನೂನು ಬರೀ ಕಾಗದದಲ್ಲಿ ಉಳಿಯುತ್ತದೆ. ಎರಡೂ ಬೇಕು.

ಅನಿರೀಕ್ಷಿತ ಅಂತ್ಯ

1921ರ ಡಿಸೆಂಬರ್ 9ರ ಬೆಳಿಗ್ಗೆ ಪಿಯರ್ಸನ್ ಲಂಡನ್ನಿನ ತಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದರು. ತೊಟ್ಟಿಯಲ್ಲಿ ಕಾಲು ಜಾರಿ ತಲೆ ನಲ್ಲಿಗೆ ಬಡಿಯಿತು. ಪ್ರಜ್ಞೆ ತಪ್ಪಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಯಾರ ನೆರವೂ ಇಲ್ಲದೆ ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕೆಂದು ಸಾವಿರಾರು ಜನರಿಗೆ ಕಲಿಸಿದವರು ಕೊನೆಯವರೆಗೂ ಹಾಗೆಯೇ ಬದುಕಿದರು. ಅಂತ್ಯಕ್ರಿಯೆಗೆ ದೇಶದ ಮೂಲೆಮೂಲೆಯಿಂದ ಕುರುಡರು ಬಂದಿದ್ದರು.

ಅವರ ನಂತರ ಸಂಸ್ಥೆಯ ಅಧ್ಯಕ್ಷರಾದವರು ಇನ್ನೂ ಇಪ್ಪತ್ತೈದು ತುಂಬದ ಇಯಾನ್ ಫ್ರೇಸರ್. 1974ರಲ್ಲಿ ಸಾಯುವವರೆಗೂ ಅವರು ಆ ಹೊಣೆ ನಿಭಾಯಿಸಿದರು, ಪಾರ್ಲಿಮೆಂಟಿನ ಸದಸ್ಯರೂ ಆದರು. 2012ರಲ್ಲಿ ಸಂಸ್ಥೆಯ ಹೆಸರು ಬ್ಲೈಂಡ್ ವೆಟರನ್ಸ್ ಯುಕೆ ಎಂದು ಬದಲಾಯಿತು.

ಡೆಹ್ರಾಡೂನ್‌ಗೆ ಬಂದ ದೀಪ

ಈ ಕಥೆಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸೇಂಟ್ ಡನ್‌ಸ್ಟನ್ಸ್‌ನಲ್ಲಿ ಕಲಿತವರಲ್ಲಿ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ ಒಬ್ಬರು. 1915ರಲ್ಲಿ ಗಲಿಪೊಲಿಯ ಯುದ್ಧದಲ್ಲಿ, ಅಂದರೆ ತುರ್ಕಿಯ ನೆಲದಲ್ಲಿ, ಅವರ ಕಣ್ಣುಗಳು ಹೋದವು. ತರಬೇತಿ ಪಡೆದು ಸ್ವದೇಶಕ್ಕೆ ಮರಳಿ ಅಲ್ಲಿನ ಅಂಧರ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರೂ ದೃಷ್ಟಿ ಕಳೆದುಕೊಂಡಾಗ ಅವರು ಇಲ್ಲಿಗೆ ಬಂದರು. 1943ರಲ್ಲಿ ಡೆಹ್ರಾಡೂನ್‌ನಲ್ಲಿ ಸೇಂಟ್ ಡನ್‌ಸ್ಟನ್ಸ್ ಮಾದರಿಯಲ್ಲಿ ನಮ್ಮ ಸೈನಿಕರಿಗಾಗಿ ತರಬೇತಿ ಕೇಂದ್ರ ತೆರೆಯಿತು.

ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಭಾರತ ಸರಕಾರ ಅದನ್ನು ವಹಿಸಿಕೊಂಡು ವಯಸ್ಕ ಅಂಧರ ತರಬೇತಿ ಕೇಂದ್ರವನ್ನಾಗಿ ಮಾಡಿತು. ಈಗ ಬಾಗಿಲು ಸೈನಿಕರಿಗಷ್ಟೇ ಅಲ್ಲ, ಎಲ್ಲರಿಗೂ ತೆರೆಯಿತು. 1951ರಲ್ಲಿ ಅಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಆರಂಭವಾಯಿತು. ಅದೇ ವರ್ಷ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ನಮ್ಮ ಕನ್ನಡದ ಬ್ರೈಲ್ ಕೂಡ ಇದರದೇ ಭಾಗ. ಮುಂದೆ ಆ ಕೇಂದ್ರವೇ ಬೆಳೆದು ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯಾಯಿತು. ಲಂಡನ್ನಿನ ಒಬ್ಬ ಕುರುಡ ನೆಟ್ಟ ಸಸಿಯ ರೆಂಬೆಯನ್ನು ನ್ಯೂಜಿಲೆಂಡಿನ ಇನ್ನೊಬ್ಬ ಕುರುಡ ತಂದು ಹಿಮಾಲಯದ ತಪ್ಪಲಲ್ಲಿ ನೆಟ್ಟ ಕಥೆ ಇದು.

ನಾವೇನು ಮಾಡಬಹುದು?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷದ ಅಂಗವಿಕಲತೆ ಇರುವವರು ಸುಮಾರು 50 ಲಕ್ಷ. 1995ರ ಕಾಯಿದೆ ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಶೇಕಡಾ 3 ಮೀಸಲಾತಿ ಕೊಟ್ಟಿತು. 2016ರ ಕಾಯಿದೆ ಅದನ್ನು ಶೇಕಡಾ 4ಕ್ಕೆ ಏರಿಸಿತು. ಅದರಲ್ಲಿ ಶೇಕಡಾ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಮೀಸಲು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ದೃಷ್ಟಿಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ದೂರ ಇಡಬಾರದು ಎಂದು ತೀರ್ಪು ನೀಡಿತು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಬಂದ ಮೇಲೆ ಕಂಪ್ಯೂಟರಿನಲ್ಲಿ ಮಾಡುವ ಎಷ್ಟೋ ಕೆಲಸಗಳು ಅಂಧರ ಕೈಗೆ ಎಟುಕಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ. ಅದನ್ನು 2006ರಲ್ಲಿ ಸಿದ್ಧಪಡಿಸಲು ಆರಂಭಿಸಿದ ಆಸ್ಟ್ರೇಲಿಯದ ಯುವಕ ಸ್ವತಃ ಅಂಧ. ಪಿಯರ್ಸನ್ ಕಾಲದ ಟೈಪ್‌ರೈಟರಿನ ಜಾಗದಲ್ಲಿ ಇಂದು ಮೊಬೈಲ್ ಫೋನಿದೆ.

ಕಾನೂನಿದೆ, ಯಂತ್ರವಿದೆ. ಕೊರತೆ ಇರುವುದು ಎಲ್ಲಿ? ನಮ್ಮ ಮನಸ್ಸಿನಲ್ಲಿ ಅಲ್ಲವೇ? ನಮ್ಮ ಮೊಹಲ್ಲಾದಲ್ಲಿ ಒಬ್ಬರ ದೃಷ್ಟಿ ಹೋಯಿತೆಂದರೆ ನಾವು ಮೊದಲು ಮಾಡುವುದು ಚಂದಾ ಎತ್ತುವುದು. ಅದು ತಪ್ಪಲ್ಲ. ಹಸಿದ ಮನೆಗೆ ಮೊದಲು ಅಕ್ಕಿ ಹೋಗಲೇಬೇಕು. ಆದರೆ ಅಕ್ಕಿಯ ಚೀಲ ಇಳಿಸಿ ಹಿಂದಿರುಗುವ ಮುನ್ನ ಆ ವ್ಯಕ್ತಿಯ ಪಕ್ಕದಲ್ಲಿ ಕುಳಿತು, ಮೊದಲು ನೀವು ಯಾವ ಕೆಲಸ ಮಾಡುತ್ತಿದ್ದಿರಿ, ಈಗ ಏನು ಮಾಡಬೇಕೆಂದು ಇದೆ ಎಂದು ಕೇಳುವವರು ಬೇಕು. ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಡುವವರು, ತರಬೇತಿ ಕೇಂದ್ರಕ್ಕೆ ಕರೆದೊಯ್ಯುವವರು, ಕಲಿತು ಬಂದ ಮೇಲೆ ಆರು ತಿಂಗಳಿಗೊಮ್ಮೆ ಹೋಗಿ ನೋಡುವವರು ಬೇಕು. ಅಂಗಡಿ, ಕಚೇರಿ, ಶಾಲೆಗಳನ್ನು ನಡೆಸುವ ಸದಸ್ಯರು ತಮ್ಮಲ್ಲಿ ಒಂದು ಹುದ್ದೆಯನ್ನಾದರೂ ಅಂಥವರಿಗೆ ಕೊಡಬಹುದೇ ಎಂದು ಯೋಚಿಸಬೇಕು.

ವಿದ್ಯಾರ್ಥಿಗಳೇ, ನಿಮ್ಮಿಂದಲೂ ಆಗುವ ಕೆಲಸವಿದೆ. ಅಂಧ ವಿದ್ಯಾರ್ಥಿಗಳು ಪರೀಕ್ಷೆ ಬರೆಯಲು ಬರಹಗಾರರಿಗಾಗಿ ಅಲೆಯುತ್ತಾರೆ. ನಿಮ್ಮ ಒಂದು ಬೆಳಗಿನ ಮೂರು ಗಂಟೆ ಅವರ ಒಂದು ವರ್ಷವನ್ನು ಉಳಿಸಬಲ್ಲದು. ಪಠ್ಯಪುಸ್ತಕವನ್ನು ಓದಿ ಧ್ವನಿ ಮುದ್ರಿಸಿ ಕೊಡಬಹುದು. ಇದಕ್ಕೆ ಹಣ ಬೇಡ, ಸಮಯ ಮತ್ತು ಕಾಳಜಿ ಸಾಕು.

ಹಾಗೆಯೇ ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ. ಪಿಯರ್ಸನ್ ಅವರ ಕಾಲದಲ್ಲಿ ಗ್ಲಾಕೋಮಾವನ್ನು ತಡೆಯುವುದು ಬಹಳ ಕಷ್ಟವಾಗಿತ್ತು. ಇಂದು ಬೇಗ ಪತ್ತೆಯಾದರೆ ಔಷಧಿಯಿಂದ ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದು.

ಅಂದು ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ ಸೈನಿಕನ ಕೈಗೆ ಪಿಯರ್ಸನ್ ಒಂದು ಗಡಿಯಾರ ಇಟ್ಟರು. ನಮ್ಮ ಊರಿನಲ್ಲಿಯೂ ಗೋಡೆಯ ಕಡೆ ತಿರುಗಿ ಕುಳಿತವರು ಇದ್ದಾರೆ. ಅವರ ಕೈಗೆ ನಾವು ಏನನ್ನು ಇಡಲಿದ್ದೇವೆ ಎಂಬುದನ್ನು ಸದಸ್ಯರೂ ವಿದ್ಯಾರ್ಥಿಗಳೂ ಕುಳಿತು ಯೋಚಿಸೋಣ. ಯೋಚಿಸಿ, ಈ ವರ್ಷವೇ ಒಬ್ಬರಿಂದಲಾದರೂ ಆರಂಭಿಸೋಣ.